ಆಟದ ಆಣೆ

ರಂಗೂನಿನ ಬಂದರಿನ ಗಲಭೆಯಲ್ಲಿ ಬರ್ಮೀಯರು ತೆಲುಗು ಕೂಲಿಗಳನ್ನು ಕೊಚ್ಚುತ್ತಿದ್ದಾಗ ಗೋಪಾಲಪ್ಪ ಅಕ್ಕಿಮೂಟೆಗಳ ಹಿಂದೆ ಅಡಗಿ ಎಲ್ಲವನ್ನೂ ನೋಡಿದ್ದ. ಇನ್ನೊಮ್ಮೆ ತನ್ನ ಕಣ್ಣೆದುರು ಯಾರೂ ಸಾಯಬಾರದು ಅನ್ನುವ ಹಟವೊಂದೇ ಆಮೇಲೆ ಅವನಲ್ಲಿ ಉಳಿದದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬೆಂಗಳೂರಿನ ಸೇವಾಸಂಘವೊಂದು ಬರ್ಮಾಕ್ಕೆ ಶಾಂತಿಸೇವಕರನ್ನು ಕಳಿಸಲು ಹೊರಟು, ಅವರಿಗೆ ಪಾಠ ಕಟ್ಟಿಕೊಡು ಅಂದಾಗ ಅವನು ಕೂಡಲೇ ಒಪ್ಪಿದ.

ಜಗಳವಾಡಿದವರು ಒಬ್ಬರ ಮಾತನ್ನು ಇನ್ನೊಬ್ಬರು ಆಡಿ ತೋರಿಸಬೇಕು, ಅದೇ ಪಾಠ. ಪರೀಕ್ಷಿಸಿ ನೋಡಲು ಸೇವಕರನ್ನು ತನ್ನೂರು ತೂಬಗೆರೆಗೆ ಕರೆತಂದ. ಅಲ್ಲಿ ಪಿಳ್ಳಪ್ಪ, ಪಾಪಯ್ಯ ಅಕ್ಕಪಕ್ಕದ ಹೊಲದವರು. ಪಿಳ್ಳಪ್ಪ ಬದುವಿನ ಕಲ್ಲು ಸರಿಸಿದ್ದಾನೆಂದು ಪಾಪಯ್ಯನ ದೂರು. ಮಾತು ಬಿಟ್ಟು ವರ್ಷಗಳಾಗಿದ್ದವು.

ಗುಡಿಯ ಮುಂದೆ ಆಟ ಚೆನ್ನಾಗಿಯೇ ಶುರುವಾಯಿತು. ಪಿಳ್ಳಪ್ಪ ಪಾಪಯ್ಯನಾಗಿ ಮೂಗಿನಲ್ಲಿ ಮಾತಾಡಿದ. ಪಾಪಯ್ಯ ಪಿಳ್ಳಪ್ಪನಾಗಿ ಹೊಟ್ಟೆ ಮುಂದೆ ಮಾಡಿ ನಡೆದು, ನನ್ನ ಎಮ್ಮೆಗೂ ಗಡಿ ಗೊತ್ತು, ಅದಕ್ಕೇ ದಾಟಿ ಮೇಯುತ್ತೆ ಅಂದ. ಪಿಳ್ಳಪ್ಪನ ಹೆಂಡತಿ ಕದಿರಮ್ಮನೂ ಸೆರಗು ಬಾಯಿಗಿಟ್ಟು ನಕ್ಕಳು. ಗೆದ್ದೆ ಅಂದುಕೊಂಡ ಗೋಪಾಲಪ್ಪ, ಆಟಕ್ಕೊಂದು ಕೊನೆಯಿರಲೆಂದು ವೀಳ್ಯದೆಲೆಯ ಮೇಲೆ ಕರ್ಪೂರ ಹಚ್ಚಿದ. ಊರಿನ ಪಂಚಾಯ್ತಿ ಮುಗಿಯುವುದೇ ಹಾಗೆ. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಹೇಳಿದ್ದು ಸುಳ್ಳಾದರೆ, ಯಾರ ಹೆಸರಲ್ಲಿ ಆರಿಸಿದರೋ ಅವರ ಮನೆ ಉಳಿಯುವುದಿಲ್ಲ. ಬಹುಕಾಲ ಪರದೇಶದಲ್ಲಿದ್ದ ಗೋಪಾಲಪ್ಪನಿಗೆ ಅದು ಬರೀ ಪದ್ಧತಿಯಾಗಿತ್ತು.

ಪಾಪಯ್ಯ ನಗುನಗುತ್ತಲೇ ಬಗ್ಗಿದ. "ಪಿಳ್ಳಪ್ಪ ಅನ್ನೋ ನಾನೇ ಕಲ್ಲು ಕಿತ್ತು ಸರಿಸ್ದೋನು," ಅಂದು ಅಂಗೈಯಿಟ್ಟು ಆರಿಸಿದ.

ನಗು ನಿಂತಿತು. ಕದಿರಮ್ಮ ಕಂಕುಳ ಮಗುವನ್ನು ಎದೆಗೊತ್ತಿಕೊಂಡು ಕುಸಿದಳು. ಇದು ಆಟ ಕಣಪ್ಪಾ ಅಂದ ಗೋಪಾಲಪ್ಪ.

"ಆಟ ಅಂತ ದೇವ್ರಿಗೆ ಯಾರು ಹೇಳ್ತಾರಣ್ಣ? ನನ್ನ ಹೆಸ್ರಲ್ಲಿ ಆರ್ಸ್ಬುಟ್ಟ."

ಪಿಳ್ಳಪ್ಪನ ದನಿ ಏರಲೇ ಇಲ್ಲ. ಗೋಡೆಗೆ ಯಾರೋ ಒರಗಿಸಿದ್ದ ಹಾರೆ ಎತ್ತಿಕೊಂಡು ಪಾಪಯ್ಯನ ಭುಜಕ್ಕೆ ಬೀಸಿದ. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಎರಡನೆಯ ಏಟಿಗೆ ಮಂಡಿ ಒಡೆದು ಪಾಪಯ್ಯ ಉರುಳಿದ. ಶಾಂತಿಸೇವಕರು ಗುಡಿಯ ಹಿಂದಕ್ಕೆ ಓಡಿದರು. ತಲೆಗೆ ಗುರಿಯಿಟ್ಟು ಹಾರೆ ಮತ್ತೆ ಮೇಲೆದ್ದಾಗ ಗೋಪಾಲಪ್ಪ ನುಗ್ಗಿ ಕಿತ್ತುಕೊಂಡ. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ಅವನು ಹೊಡೆದ. ಪಿಳ್ಳಪ್ಪ ಬಿದ್ದ ಮೇಲೂ ಹೊಡೆದ. "ನನ್ನ ಮುಂದೆ ಸಾಯಿಸ್ತೀಯಾ?" ಎಂದು ಕೇಳುತ್ತ, ಉತ್ತರ ಕೊಡಬೇಕಾದ ಬಾಯಿ ಜಜ್ಜಿಹೋಗುವವರೆಗೂ ಹೊಡೆದ.

ಕದಿರಮ್ಮ ಬಂದು ಅವನ ಮಣಿಕಟ್ಟು ಹಿಡಿದಳು. "ಬುಡಣ್ಣ," ಅಂದಳು. "ಕರ್ಪೂರ ಆರ್ದಾಗ್ಲೇ ಹೋದ."

ಊರವರೂ ಪೊಲೀಸರಿಗೆ ಅದನ್ನೇ ಹೇಳಿದರು. ಸುಳ್ಳಾಣೆ ತಗುಲಿ ಪಿಳ್ಳಪ್ಪ ಸತ್ತ. ಅಂದಮೇಲೆ ಕಲ್ಲು ಸರಿಸಿದವನು ಅವನಲ್ಲ. ಭುಜ, ಮಂಡಿ ಕಟ್ಟಿಸಿಕೊಂಡು ಬಂದ ಪಾಪಯ್ಯನೂ ಒಪ್ಪಿ ದೂರು ಬಿಟ್ಟ. ಹೊಡೆದವನು ನಾನು ಎಂದು ದೊಡ್ಡಬಳ್ಳಾಪುರದ ಠಾಣೆಯಲ್ಲಿ ಕೂತು ಹೇಳುತ್ತಿದ್ದವನು ಗೋಪಾಲಪ್ಪನೊಬ್ಬನೇ.