ಮೂರನೆಯ ಚೀಟಿ

ಪೀಣ್ಯದ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿದು ತೋರಿಸಿದ ಚಿನ್ನಪ್ಪನಿಗೆ, ಒಬ್ಬ ಹೆಂಗಸಿನ ಎದುರು ಒಂದು ಸಾಲಿನ ಮಾತು ಆಡಲು ಆಗಲಿಲ್ಲ. ಮಾತಾಡುವುದು ಬಿಟ್ಟು ಅವನು ಮಾಡಿದ ಕೆಲಸವಿದೆಯಲ್ಲ, ಅದನ್ನು ಕೇಳಿದರೆ ನೀವು ನಗುತ್ತೀರಿ. ನಗಿ, ತಪ್ಪೇನಿಲ್ಲ. ಕೊನೆಯವರೆಗೂ ನಗಲಾಗುವುದಿಲ್ಲ ಅಷ್ಟೆ.

ಆ ಹೆಂಗಸು ಹೇಮಲತಾ. ಬಾಗಲಗುಂಟೆಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಸೇರುವ ಪುಟ್ಟ ಕ್ರೈಸ್ತ ಸಭೆಗೆ ಹಾಡು ಎತ್ತಿಕೊಡುವವಳು. ಗಾರ್ಮೆಂಟ್ಸ್ ಒಂದರಲ್ಲಿ ಸೂಪರ್‌ವೈಸರ್. ಗಂಡ ತೀರಿಕೊಂಡು ಒಂಬತ್ತು ವರ್ಷ. ಚಿನ್ನಪ್ಪನ ಹೆಂಡತಿ ತೀರಿಕೊಂಡು ಆರು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ ಮುಗಿದ ಮೇಲೆ ದ್ರಾಕ್ಷಾರಸದ ಚಿಕ್ಕ ಗ್ಲಾಸುಗಳನ್ನು ಆಕೆ ತೊಳೆದುಕೊಡುತ್ತಿದ್ದಳು, ಇವನು ಒರೆಸಿಡುತ್ತಿದ್ದ. ಕಾಲು ಗಂಟೆಯ ಕೆಲಸ. ಆ ಕಾಲು ಗಂಟೆಗಾಗಿ ಚಿನ್ನಪ್ಪ ಇಡೀ ತಿಂಗಳು ಕಾಯುತ್ತಿದ್ದ. ಒದ್ದೆ ಗ್ಲಾಸು ಕೈಯಿಂದ ಕೈಗೆ ಬರುವಾಗ ಆಕೆಯ ಬೆರಳು ತಾಗಿದರೆ, ಆ ವಾರವೆಲ್ಲ ಖಾಲಿ ಮನೆಗೆ ಬೀಗ ತೆಗೆದು ಹೋಗುವುದು ಅಷ್ಟು ಕಷ್ಟವಾಗುತ್ತಿರಲಿಲ್ಲ.

ಆದರೆ ಸಭೆಯಲ್ಲಿ ಎಲ್ಲರೂ ಎಲ್ಲರಿಗೂ ಬ್ರದರ್, ಸಿಸ್ಟರ್. ಆರು ವರ್ಷ ಬಾಯಿತುಂಬ ಸಿಸ್ಟರ್ ಎಂದು ಕರೆದವಳನ್ನು, ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳುವುದು ಹೇಗೆ?

ಹಾಗೆಯೇ ಮುಂದೂಡುತ್ತಿರುವಾಗ, ಗಾರ್ಮೆಂಟ್ಸ್‌ನವರು ಹೊಸ ವರ್ಷಕ್ಕೆ ಘಟಕವನ್ನು ಅತ್ತಿಬೆಲೆಗೆ ಸಾಗಿಸುವ ಸುದ್ದಿ ಬಂತು. ಹೇಮಲತಾ ಹೋಗಿ ಅಲ್ಲೊಂದು ಮನೆ ನೋಡಿಬಂದಳು. ಜನವರಿ ನಾಲ್ಕಕ್ಕೆ ಸಾಮಾನು ಸಾಗಿಸಲು ಟೆಂಪೊ ಹೇಳಿದಳು. ಪೀಣ್ಯ ಎಲ್ಲಿ, ಅತ್ತಿಬೆಲೆ ಎಲ್ಲಿ! ಚಿನ್ನಪ್ಪನಿಗೆ ಅನ್ನ ಸೇರದಾಯಿತು. ಉಳಿದದ್ದು ಹೊಸ ವರ್ಷದ ಬೆಳಗಿನ ಒಂದೇ ಒಂದು ಆರಾಧನೆ.

ಆ ಬೆಳಿಗ್ಗೆ ಸಭೆಯಲ್ಲಿ ಪ್ರತಿಯೊಬ್ಬರೂ ಒಂದು ವಾಗ್ದಾನದ ಚೀಟಿ ತೆಗೆಯುತ್ತಾರೆ. ಅದರಲ್ಲಿ ಬರೆದ ವಾಕ್ಯವೇ ಆ ವರ್ಷಕ್ಕೆ ದೇವರು ಅವರಿಗೆ ಕೊಟ್ಟ ಮಾತು. ಚೀಟಿ ಬರೆಯುವುದು ಚಿನ್ನಪ್ಪನ ಪಾಲಿನ ಸೇವೆ. ಕೈಹಾಕಿ ಕೆದಕಿ ಬೇಕಾದ್ದನ್ನೇ ಆರಿಸಿಕೊಳ್ಳುವವರ ಕಾಟ ತಾಳಲಾರದೆ ಹಿಂದಿನ ವರ್ಷ ಅವನೇ ಒಂದು ತಗಡಿನ ಡಬ್ಬಿ ಮಾಡಿದ್ದ. ಒಳಗೆ ಸ್ಪ್ರಿಂಗ್, ಮೇಲೊಂದು ಸೀಳು, ಒಂದು ಸಲಕ್ಕೆ ಮೇಲಿನ ಒಂದೇ ಚೀಟಿ ಹೊರಬರುತ್ತದೆ. ಇನ್ನು ಮನುಷ್ಯರ ಕೈಚಳಕ ನಡೆಯುವುದಿಲ್ಲ ಎಂದು ಪಾಸ್ಟರ್ ಎಲ್ಲರೆದುರು ಹೊಗಳಿದ್ದರು. ಈ ವರ್ಷ ಬೇಲಿಯೇ ಎದ್ದು ಹೊಲ ಮೇಯಲು ಹೊರಟಿತು.

ಡಬ್ಬಿ ಮೊದಲು ಹೋಗುವುದು ಹೆಂಗಸರ ಕಡೆಗೆ. ಮುಂದಿನ ಸಾಲಿನ ಮೂರನೆಯ ಕುರ್ಚಿ ಹೇಮಲತಾಳದು. ಮನುಷ್ಯ ಒಂಟಿಯಾಗಿರುವುದು ಒಳ್ಳೆಯದಲ್ಲ ಎಂಬ ಮಾತನ್ನು ಚಿನ್ನಪ್ಪ ದುಂಡಗೆ ಬರೆದು ಮೂರನೆಯದಾಗಿ ಇಟ್ಟ. ದೇವರೇ ಮೊದಲು ಹೇಳಿಬಿಟ್ಟರೆ ಆಮೇಲೆ ತಾನು ಬಾಯಿಬಿಡುವುದು ಸುಲಭ ಎಂಬುದು ಅವನ ಎಣಿಕೆ. ಸಭೆಯ ಅಜ್ಜಿ ಮರೆವ್ವನಿಗೆ ಜ್ವರ, ಬರುವುದಿಲ್ಲ ಎಂದು ವಿಚಾರಿಸಿಕೊಂಡ. ಉಳಿದವರು ತಾನೂ ಸೇರಿ ನಲವತ್ತೇಳು. ನಲವತ್ತೇಳೇ ಚೀಟಿ ಕತ್ತರಿಸಿದ. ಒಂದು ಹೆಚ್ಚು ಮಾಡಿದರೂ ಅದು ದಂಡ ಎಂದು ಕಾರ್ಖಾನೆಯಲ್ಲಿ ಕಲಿತ ಜೀವ.

ಅಂದು ಪಾಸ್ಟರ್ ಪ್ರಸಂಗದಲ್ಲಿ, "ಎಲ್ಲ ಕಳ್ಕೊಂಡ ಭಕ್ತನನ್ನ ದೇವರು ಏನು ಕೇಳಿದ್ರು ಗೊತ್ತಾ? ಭೂಮಿಗೆ ಅಸ್ತಿವಾರ ಹಾಕಿ ನೂಲು ಹಿಡಿದು ಅಳೆದಾಗ ನೀನೆಲ್ಲಿದ್ದೆ ಅಂತ. ನಮ್ಮ ಬುದ್ಧಿ ಎಷ್ಟು ದೂರ ಹೋಗುತ್ತೆ ಹೇಳಿ? ನಾಳೆವರೆಗೂ ಹೋಗಲ್ಲ" ಎಂದರು. ಚಿನ್ನಪ್ಪ ಭಕ್ತಿಯಿಂದ ತಲೆದೂಗಿದ. ಆ ದಿನ ತಾನಿದ್ದಿದ್ದರೆ ನೂಲಿನ ಬದಲು ಅಳತೆಗೆ ಒಳ್ಳೆಯ ಗೇಜ್ ಕೊಡಬಹುದಿತ್ತು ಎಂದೂ ಅನ್ನಿಸಿತು. ಆ ಮಾತು ತನಗೇ ಹೇಳಿದ್ದು ಎಂದು ಮಾತ್ರ ಹೊಳೆಯಲಿಲ್ಲ.

ಪ್ರಸಂಗ ಮುಗಿದು ಡಬ್ಬಿ ಹೊರಡುವಷ್ಟರಲ್ಲಿ ಬಾಗಿಲಲ್ಲಿ ಮರೆವ್ವ. ರಾಯಚೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು, ಗಂಡ ಸತ್ತ ಮೇಲೂ ಇಲ್ಲೇ ಬಾಡಿಗೆಯ ಒಂದು ಕೋಣೆಯಲ್ಲಿ ಉಳಿದ ಮುದುಕಿ. ಮೈಮೇಲೆ ಕಂಬಳಿ, ನಡಿಗೆಯಲ್ಲಿ ನಡುಕ. ಹೇಮಲತಾ ಎದ್ದು ತನ್ನ ಕುರ್ಚಿಯಲ್ಲಿ ಆಕೆಯನ್ನು ಕೂರಿಸಿ ಹಿಂದಿನ ಸಾಲಿಗೆ ಹೋದಳು. ಡಬ್ಬಿ ಅಷ್ಟರಲ್ಲಾಗಲೇ ಮೊದಲ ಕುರ್ಚಿಗೆ ಬಂದಿತ್ತು. ಚಿನ್ನಪ್ಪ ಅರ್ಧ ಎದ್ದು ಮತ್ತೆ ಕುಳಿತ. ದೇವರ ಚೀಟಿ ಹಂಚುತ್ತಿರುವಾಗ, ಸ್ವಲ್ಪ ನಿಲ್ಲಿ, ನಾನು ಜೋಡಿಸಿದ್ದು ತಪ್ಪಿಹೋಯಿತು ಎನ್ನುವುದುಂಟೆ?

ಮರೆವ್ವ ಮೂರನೆಯ ಚೀಟಿ ತೆಗೆದು ಹಿಂದಕ್ಕೆ ಚಾಚಿದಳು. "ನನಗ ಓದಾಕ ಬರೂದಿಲ್ಲವ್ವಾ. ಜೋರಾಗಿ ಓದು, ಕಿವಿನೂ ಮಂದ ಅದಾವ."

ಹೇಮಲತಾ ಓದಿದಳು. ಆರು ವರ್ಷದಿಂದ ಚಿನ್ನಪ್ಪ ಹೇಳಲಾರದೆ ನುಂಗಿಕೊಂಡದ್ದನ್ನು ಆಕೆಯ ದನಿಯೇ ಇಡೀ ಸಭೆಗೆ ಕೇಳಿಸುವಂತೆ ಹೇಳಿತು. ಒಂಟಿ ಎಂಬಲ್ಲಿ ಆ ದನಿ ಸ್ವಲ್ಪ ತಡವರಿಸಿತು. ಓದಿ ಮುಗಿಸಿ ಅವಳು ತಲೆಯೆತ್ತಿ ನೋಡಿದಳು.

"ಮೂವತ್ತು ವರ್ಷ ಒಬ್ಬಾಕೀನ ಅದೀನಿ, ದೇವ್ರಿಗೆ ಈಗ ನೆನಪಾತೇನು?" ಎಂದಳು ಮರೆವ್ವ. "ಈ ವಯಸ್ಸಿನ್ಯಾಗ ನನ್ನ ಜೋಡಿ ಯಾರ ಇರ್ತಾರ?"

ಸಭೆಯೆಲ್ಲ ನಕ್ಕಿತು. ಹೇಮಲತಾ ನಗಲಿಲ್ಲ. ಮುದುಕಿಯ ಬಿಸಿ ಕೈಯನ್ನು ಹಿಡಿದುಕೊಂಡು, "ನನ್ ಜೊತೆ ಬಂದ್ಬಿಡಿ ಅಜ್ಜಿ. ನಾನೂ ಒಬ್ಳೇ ಹೋಗ್ತಿದೀನಿ" ಎಂದಳು. ಎಲ್ಲರೂ ಆಮೆನ್ ಎಂದರು. ಚಿನ್ನಪ್ಪನೂ ಅನ್ನಬೇಕಾಯಿತು.

ಡಬ್ಬಿ ಎಲ್ಲ ಸಾಲು ಸುತ್ತಿ ಅವನ ಕೈಗೆ ಮರಳಿ ಬಂದಾಗ ಒಳಗೆ ಸ್ಪ್ರಿಂಗ್ ಒಂದೇ ಇತ್ತು. ಆ ವರ್ಷ ದೇವರಿಂದ ಮಾತು ಸಿಗದೆ ಹೋದವನು ಸಭೆಯಲ್ಲಿ ಅವನೊಬ್ಬನೇ.

ನಾಲ್ಕನೆಯ ತಾರೀಕು ಅವನು ರಜೆ ಹಾಕಿ ಸಾಮಾನು ಹೇರಲು ಹೋದ. ಅವಳ ಗ್ಯಾಸ್ ಸ್ಟವ್, ಅವಳ ಹೊಲಿಗೆ ಯಂತ್ರ, ಮರೆವ್ವನ ಟ್ರಂಕು, ಒಂದೊಂದನ್ನೂ ಹಗ್ಗ ಬಿಗಿದು ಕಟ್ಟಿದ. ತಾನೇ ಕಳಿಸಿಕೊಡುತ್ತಿರುವಂತಿತ್ತು. ಕಣ್ಣಿಗೆ ಧೂಳು ಬಿತ್ತೆಂದು ಎರಡು ಸಲ ಟೆಂಪೊ ಹಿಂದಕ್ಕೆ ಹೋಗಿಬಂದ. ಮರೆವ್ವನನ್ನು ಮುಂದಿನ ಸೀಟಿಗೆ ಹತ್ತಿಸಿದ ಮೇಲೆ ಹೇಮಲತಾ ಅವನ ಹತ್ತಿರ ಬಂದಳು.

"ನಿಮಗೆ ಚೀಟಿನೇ ಉಳೀಲಿಲ್ಲ ಅಲ್ವಾ? ತಗೊಳ್ಳಿ. ನಂಗೆ ಬಂದಿದ್ದು, ನಿಮಗೇ ಸರಿಹೋಗುತ್ತೆ."

ಅವನದೇ ದುಂಡಗಿನ ಅಕ್ಷರ. ನಿನ್ನ ಬುದ್ಧಿಯನ್ನೇ ನೆಚ್ಚಿಕೊಳ್ಳಬೇಡ ಎಂದಿತ್ತು. ಯಾರದೋ ಬುದ್ಧಿಗೆಂದು ಬರೆದದ್ದು.

"ಮೂರನೇದು ನಂಗೆ ಅಂತಾನೇ ಇಟ್ಟಿದ್ರಿ" ಎಂದಳು ಹೇಮಲತಾ. "ಓದಿ ತಲೆ ಎತ್ತಿದಾಗ ನಿಮ್ಮ ಮುಖ ನೋಡ್ದೆ. ಬಾಯಿಬಿಟ್ಟು ಕೇಳ್ಬಹುದಿತ್ತಲ್ಲ?"

"ಕೇಳಿದ್ರೆ ಏನಂತಿದ್ರಿ ಸಿಸ್..." ಚಿನ್ನಪ್ಪ ನಾಲಿಗೆ ಕಚ್ಚಿಕೊಂಡ.

"ನಂಗೂ ಗೊತ್ತಿಲ್ಲ. ಯಾರೂ ಕೇಳೇ ಇಲ್ವಲ್ಲ."

ಅವಳು ಹತ್ತಿ ಕುಳಿತಳು. ಚಾಲಕ ಗಾಡಿ ಶುರು ಮಾಡಿದ. ಚಿನ್ನಪ್ಪ ಕಿಟಕಿಗೆ ಕೈಯಿಟ್ಟ. "ಹೇಮಲತಾ, ಭಾನುವಾರ ನಾನು ಅಲ್ಲಿಗೆ ಬರಲಾ?"

"ಡಬ್ಬಿ ಮನೇಲಿಟ್ಟು ಬನ್ನಿ" ಎಂದಳು.

ಟೆಂಪೊ ಹೆಸರಘಟ್ಟ ರಸ್ತೆಗೆ ತಿರುಗಿತು. ಅಲ್ಲಿ ಹೋಗಿ ಏನು ಕೇಳಬೇಕು, ಅವಳು ಏನನ್ನಬಹುದು ಎಂದು ಲೆಕ್ಕ ಹಾಕಲು ಹೊರಟ ಚಿನ್ನಪ್ಪ ಅರ್ಧಕ್ಕೇ ಬಿಟ್ಟುಬಿಟ್ಟ. ಭಾನುವಾರಕ್ಕೆ ಇನ್ನೂ ಮೂರು ದಿನವಿತ್ತು.