ಅಗೆ ಕಿತ್ತ ಮೇಲೆ

ಆ ಪುಟ್ಟ ನೀಲಿ ಚಕ್ರ ಕರಗುತ್ತಲೇ ಇದೆ, ಅರ್ಧ, ಕಾಲು, ಈಗ ಉಗುರಿನಷ್ಟು, ಆರು ಅಂಕಿ ಮಾಯ, ಮತ್ತೆ ಹೊಸ ಆರು ಅಂಕಿ, ಇದಕ್ಕೆಂಥ ಅವಸರ ಮಾರಾಯ್ರೆ — ಕಾರವಾರದ ಮೊಬೈಲ್ ಅಂಗಡಿಯ ಬೆಂಚಿನಲ್ಲಿ ಕೂತ ಕುಸುಮಾಳ ತೊಡೆಯ ಮೇಲೆ ಎರಡು ಫೋನು, ಒಡಕು ಗಾಜಿನ ಹಳೆಯದು, ಮಿರಿಮಿರಿ ಹೊಸದು, ಅದರೊಳಗಿನ, ಖಾತೆಗಳ ಬೀಗ ತೆಗೆಯುವ ಕೋಡುಗಳೆಲ್ಲ ಇದಕ್ಕೆ ಬರಬೇಕು, ಆಫೀಸಿನದು, ಬ್ಯಾಂಕಿನದು, ಕೊನೆಗೆ ಹೆತ್ತ ಆಯಿಯದು, ಆಯಿಯ ಹೆಸರಲ್ಲಿ ಖಾತೆ ತೆರೆದವಳೂ ಇವಳೇ, ಬೀಗದ ಮೇಲೊಂದು ಬೀಗ ಇರಲಿ ಎಂದು ಕೋಡು ಹಾಕಿದವಳೂ ಇವಳೇ, ಆಯಿ ನಕ್ಕಿದ್ದಳು, ನನ್ ಪದ ಕದೂಕೆ ಯಾರ್ ಬತ್ರೆ ತಂಗಿ, ಅಂಕೋಲೆಯ ಗದ್ದೆಯಲ್ಲಿ ನಿಂತು ಅವಳು ಭತ್ತ ನೆಡುವಾಗಿನ ನಟ್ಟಿಪದ ಹೇಳಿದ ವಿಡಿಯೋ ಇರುವುದು ಆ ಖಾತೆಯಲ್ಲಿ ಮಾತ್ರ, ಬೇರೆಲ್ಲೂ ಇಲ್ಲ, ತಮ್ಮ ಕಿಶೋರನಿಗೆ ಕಳಿಸಿದ ಕೊಂಡಿಯಲ್ಲಿ ಅದರ ಚಿಕ್ಕ ಚಿತ್ರ ಕಾಣುತ್ತದೆ, ಕೈಯಲ್ಲಿ ಅಗೆಯ ಕಟ್ಟು, ಬಾಯಿ ತೆರೆದಿದೆ, ಪದ ಇನ್ನೇನು ಶುರುವಾಗಬೇಕು, ಮನೆಗೆ ಹೋಗಿ ಕೇಳಿದರಾಯಿತು.

ಎಷ್ಟು ಚೆಂದದ ದಿನಗಳು ಅವು, ಮಳೆಗೆ ಹೊದ್ದ ಕಂಬಳಿಕೊಪ್ಪೆಯೊಳಗಿನ ಬೆಚ್ಚನೆ ವಾಸನೆ, ಬೆರಳ ಸಂದಿಯ ಕೆಸರು, ಭತ್ತದ ಅಗೆ ಕಿತ್ತಾಗ ಮೇಲೆ ಬರುವ ಬಿಳಿ ಬೇರು, ಬದುವಿನ ಮೇಲೆ ಗಂಜಿ, ಸುಟ್ಟ ಒಣಮೀನು, ಅಷ್ಟರಲ್ಲಿ ಆಯಿಯ ಕೂಗು, ಸಸಿ ಮಡಿ ಪೂರಾ ಖಾಲಿ ಮಾಡೇ ತಂಗಿ, ಒಂದ್ ಅಗೆನೂ ಉಳಿಸ್ಬೇಡ, ಬಿಟ್ಟದ್ದು ದನದ ಬಾಯಿಗೇಯ — ಹೊಸ ಫೋನು ಟಣ್ ಎಂದಿತು, ಕೋಡುಗಳು ಬಂದವು ಎಂದಿತು, ಅಂಗಡಿಯ ಹುಡುಗ ಸಂದೇಶ ಮೇಜಿನಾಚೆಯಿಂದ, ಅಕ್ಕೋರೇ, ಹಳೇದು ಖಾಲಿ ಮಾಡ್ ಕೊಡಿ, ಖಾಲಿ ಮಾಡುವುದು ಈ ಕೈಗೆ ಹೇಳಿಕೊಡಬೇಕೆ, ಬೆರಳು ಕೋಡುಗಳ ಆ್ಯಪನ್ನು ಬುಡಸಮೇತ ಕಿತ್ತೇಬಿಟ್ಟಿತು, ಆಮೇಲೆ ಹೊಸದರಲ್ಲಿ ನೋಡುತ್ತಾಳೆ, ಆಫೀಸು ಇದೆ, ಬ್ಯಾಂಕು ಇದೆ, ಆಯಿ ಎಲ್ಲಿ, ಸಾಗಿಸುವಾಗ ಪಟ್ಟಿಯನ್ನು ಕೆಳಗೆ ಸರಿಸದೆ ಕಂಡವಕ್ಕಷ್ಟೇ ಗುರುತು ಹಾಕಿದ್ದಳು, ಕೊನೆಯದು ಅಡಿಯಲ್ಲೇ ಉಳಿದಿತ್ತು, ಅಯ್ಯೋ ದೇವಾ, ಇಲ್ಲಿ ಬಂತೋ ಇಲ್ಲೋ ನೋಡ್ದೇ ಅಳಿಸಿದ್ರಾ, ನಿಮ್ಮ ಆಯಿ ನಂಬರಿಗೆ ಓಟಿಪಿ ಬತ್ತಾ ನೋಡ್ವಾ ಎಂದ ಸಂದೇಶ, ಎಲ್ಲಿಯ ನಂಬರು, ಆಯಿ ತೀರಿಕೊಂಡ ವರ್ಷವೇ ಅದೂ ನಿಂತಿತು, ಅಗೆ ಕೀಳುವ ಮೊದಲು ಗದ್ದೆ ಹದವಾಯಿತೋ ಎಂದು ಆಯಿ ಹೋಗಿ ಕಾಲಿಟ್ಟು ನೋಡಿ ಬರುತ್ತಿದ್ದಳಲ್ಲ, ಇವಳು ಕಲಿತದ್ದು ಕೀಳುವುದನ್ನು ಮಾತ್ರ, ಕಿಶೋರನಿಗೆ ಫೋನು, ತಮ್ಮಾ, ಆಯಿ ಪದದ ಸುರು ಎಂತದೋ, ಅವನು ಹ್ಞೂ ಹ್ಞೂ ಎಂದು ರಾಗ ಎಳೆದ, ರಾಗ ಇವಳಿಗೂ ಬರುತ್ತದೆ, ಮಾತು ನಿನಗೇ ಗೊತ್ತಿತ್ತಲ್ಲೇ ಅಕ್ಕಾ, ಗೊತ್ತಿತ್ತು, ವಿಡಿಯೋ ಇದೆಯಲ್ಲ ಎಂಬ ಧೈರ್ಯದಲ್ಲಿ ಬಿಟ್ಟುಬಿಟ್ಟಳು, ಕೊಂಡಿ ಒತ್ತಿದರೆ ಕೋಡು ಕೇಳುವ ಆರು ಖಾಲಿ ಚೌಕ, ಹಿಂದೆ ಬಂದರೆ ಅದೇ ಚಿತ್ರ, ಮತ್ತೆ ಒತ್ತಿದಳು, ಚೌಕ, ಹಿಂದೆ ಬಂದಳು, ಕೈಯಲ್ಲಿ ಅಗೆಯ ಕಟ್ಟು, ಬಾಯಿ ತೆರೆದಿದೆ