ರೊಟ್ಟಿ ಗಾಡಿಯ ಟೈರು

ಧರ್ಮರಾಜನಿಗೆ ಗಾಡಿ ಹೊಡೆಯಲು ಬರುವುದಿಲ್ಲ. ಕಲಿಯಲು ಹೋದ ಮೊದಲ ವಾರವೇ ಇಳಕಲ್ಲಿನಲ್ಲಿ ಯಾರದೋ ಕಾಂಪೌಂಡಿಗೆ ಗುದ್ದಿ, ಅಂದೇ ಸ್ಟೇರಿಂಗಿಗೆ ಕೈಮುಗಿದವನು. ಮನೆಯಲ್ಲಿ ಮಾಡಿದ ಖಡಕ್ ರೊಟ್ಟಿಯನ್ನು ಬಾದಾಮಿ, ನವನಗರದ ಖಾನಾವಳಿಗಳಿಗೆ ಮುಟ್ಟಿಸುವ ಸಣ್ಣ ವ್ಯಾನು ಅವರದು. ಅದನ್ನು ಓಡಿಸುವವಳು ಹೆಂಡತಿ ವಿದ್ಯಾ. ಆದರೆ ಗಾಡಿ ಎಲ್ಲಿ ನಿಂತರೂ ಚಾವಿ ಮಾತ್ರ ಧರ್ಮರಾಜನ ಬೆರಳಲ್ಲಿ ತಿರುಗುತ್ತಿರಬೇಕು. ಹೆಂಡತಿ ಡ್ರೈವರ್, ತಾನು ಪಕ್ಕದ ಸೀಟು ಅಂದರೆ ನಾಲ್ಕು ಜನ ಏನಂದಾರು ಎಂಬ ಚಿಂತೆ ಅವನದು. ಆ ನಾಲ್ಕು ಜನ ಯಾರೆಂದು ಅವನಿಗೂ ಗೊತ್ತಿಲ್ಲ.

ಹೋದ ವಾರ ವಿದ್ಯಾ ಒಬ್ಬಳೇ ಹೋಗಿದ್ದಾಗ, ಕೂಡಲಸಂಗಮದ ಕ್ರಾಸಿನಲ್ಲಿ ಮಳೆ. ಬ್ರೇಕು ಹಾಕಿದರೂ ಗಾಡಿ ನಿಲ್ಲದೆ ಎದುರಿನ ಬಸ್ಸಿನ ತನಕ ಜಾರಿಕೊಂಡು ಹೋಗಿತ್ತು. ಟೈರುಗಳು ಬೋಳಾಗಿದ್ದವು. ಮನೆಗೆ ಬಂದು ನೀರು ಕುಡಿಯುವಾಗ ಅವಳ ಕೈಯಲ್ಲಿ ತಂಬಿಗೆ ನಡುಗುತ್ತಿತ್ತು.

ಅದಕ್ಕೇ ಇವತ್ತು ಹುನಗುಂದದ ಶಾಬುದ್ದೀನನ ಟೈರಿನಂಗಡಿಗೆ ಬಂದಿದ್ದರು. "ಇಲ್ಲೇ ಗ್ವಾಡಿ ಮರಿಗೆ ನಿಂದರಸು," ಎಂದು ಧರ್ಮರಾಜ ಗಾಡಿಯನ್ನು ದೂರವೇ ಗೋಡೆಯ ಮರೆಯಲ್ಲಿ ನಿಲ್ಲಿಸಲು ಹೇಳಿ, ಚಾವಿ ಇಸಿದುಕೊಂಡು ಮುಂದೆ ನಡೆದ. ವಿದ್ಯಾ ಅವನ ಹಿಂದೆ ಬಂದಳು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ಚಹಾ ಕುಡಿಯುತ್ತಿದ್ದರು.

ಶಾಬುದ್ದೀನ ಮೂರು ಟೈರು ಉರುಳಿಸಿ ತಂದ.

"ಅಣ್ಣಾರ, ಇದು ಡಾಂಬರ್ ರಸ್ತಾಕ್ಕ ಛಲೋ, ಮಳ್ಯಾಗ ಜಾರತೈತಿ. ಈ ದಪ್ಪ ಹಲ್ಲಿಂದು ಎರಿ ಹೊಲದ ಕೆಸರಿಗೆ ಭಾಳ ಛಲೋ, ಆದ್ರ ಗಾಡಿ ಅದರತೈತಿ. ಮೂರನೇದ್ದು ಎಲ್ಲಾ ಕಾಲಕ್ಕೂ ಆಗೂದು. ಬಿಸಲಿರ್ಲಿ, ಮಳಿ ಇರ್ಲಿ, ಬ್ರೇಕ್ ಹಿಡಿತೈತಿ."

ಧರ್ಮರಾಜ ದಪ್ಪ ಟೈರನ್ನು ಬೂಟಿನಿಂದ ಒದ್ದು ನೋಡಿದ. "ಇಷ್ಟು ವರ್ಷ ಗಾಡಿ ಹೊಡದೇನಿ ನಾ. ಇದ ಇರ್ಲಿ."

"ರೊಟ್ಟಿ ಮುರೀತಾವಲ್ರಿ," ಎಂದು ಶಾಬುದ್ದೀನ ಮೂರನೆಯದನ್ನೇ ಮತ್ತೆ ಮುಂದೆ ತಂದ. "ಮಳ್ಯಾಗ ಬ್ರೇಕ್ ಹಾಕಿದ್ರ ಈಗ ಹೆಂಗ ನಿಲ್ಲತೈತ್ರಿ ಗಾಡಿ?"

"ಏ, ಹಾಕಿದ ಜಾಗಾದಾಗ ಗಪ್ಪನ ನಿಲ್ಲತೈತಿ!"

ಅಂದದ್ದೇ ತಡ, ಅವನ ಕಣ್ಣು ವಿದ್ಯಾಳ ಕಡೆ ಹೋಯಿತು. ಅವಳು ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಆ ಕೈ ನೋಡಿ ಅವನಿಗೆ ತಂಬಿಗೆ ನೆನಪಾಯಿತು. ಸಾವಿನ ಬಾಯಿಂದ ತಪ್ಪಿಸಿಕೊಂಡು ಬಂದವಳ ಎದುರು ನಿಂತು ಎಂಥ ಮಾತಾಡಿಬಿಟ್ಟೆ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಶಾಬುದ್ದೀನಣ್ಣ, ಖರೆ ಹೇಳ್ತೇನಿ. ನನಗ ಗಾಡಿ ಹೊಡ್ಯಾಕ ಬರಂಗಿಲ್ಲ. ಹೊಡಿಯಾಕಿ ಅಕಿ. ಅಕಿನ್ನ ಕೇಳ್ರಿ."

ಶಾಬುದ್ದೀನನಿಗೆ ಆಶ್ಚರ್ಯವೇನೂ ಆಗಲಿಲ್ಲ. ಹತ್ತಿರ ಬಂದು ಧ್ವನಿ ತಗ್ಗಿಸಿದ.

"ಗೊತ್ತೈತ್ರಿ. ಅಕ್ಕಾರು ಹವಾ ತುಂಬಸಾಕ ಇಲ್ಲಿಗೇ ಬರ್ತಾರ. ಈ ಮೂರನೇದ್ದ ತಗದಿಡ್ರಿ ಅಂತ ನಿನ್ನೆ ಫೋನ್ ಮಾಡಿದ್ರು. ಆದ್ರ 'ನಮ್ಮ ಮನಿಯವರು ಬಂದಾಗ ನನ್ನ ಏನೂ ಕೇಳಬ್ಯಾಡ್ರಿ, ಅವರನ್ನ ಕೇಳ್ರಿ, ಮಂದಿ ಮುಂದ ಅವರಿಗೆ ಕಡಿಮಿ ಅನಸಬಾರ್ದು' ಅಂದಿದ್ರು."

ಧರ್ಮರಾಜನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಇಷ್ಟು ದಿನ ತನ್ನ ಗುಟ್ಟನ್ನು ತಾನೇ ಕಾಪಾಡಿಕೊಂಡು ಬಂದೆ ಎಂದುಕೊಂಡಿದ್ದ. ಕಾಪಾಡಿದವಳು ಅವಳು. ಬೆರಳಿನಿಂದ ಚಾವಿ ಬಿಡಿಸಿ, ಚಹಾ ಕುಡಿಯುವವರು ನೋಡುತ್ತಿರುವಂತೆಯೇ, ಅವಳ ಮುಂದೆ ಹಿಡಿದ.

ವಿದ್ಯಾ ಚಾವಿ ತೆಗೆದುಕೊಂಡಳು. ಯಾರಿಗೂ ಕೇಳಿಸದಂತೆ, "ಗಾಡಿ ಎದುರಿಗೆ ತರ್ಲ್ಯೋ, ಮರಿಗೇ ಇರ್ಲ್ಯೋ?" ಎಂದು ಕೇಳಿದಳು.

"ಎದುರಿಗೇ ತಾ," ಅಂದ ಧರ್ಮರಾಜ. ಅವಳ ಮುಖ ನೋಡುವುದು ಮಾತ್ರ ಅವನಿಂದ ಆಗಲಿಲ್ಲ.